ಮರುದೃಶ್ಯ ಮತ್ತು ಫುಟ್‌ಬಾಲ್ ತೀರ್ಪು

ಟಿ.ವಿ. ಮರುದೃಶ್ಯ ನೋಡಿ ರೆಫರಿಯ ತೀರ್ಪನ್ನು ಪರಿಶೀಲಿಸುವ ಕ್ರಮ (ವಿ.ಎ.ಆರ್.) 2018ರಲ್ಲಿ ಫುಟ್‌ಬಾಲ್ ನಿಯಮಾವಳಿಗೆ ಸೇರಿತು, ಅದೇ ವರ್ಷ ರಷ್ಯಾ ವಿಶ್ವಕಪ್‌ನಲ್ಲಿ ಬಳಕೆಯಾಯಿತು. ಗೋಲು, ಪೆನಾಲ್ಟಿ, ನೇರ ಕೆಂಪು ಕಾರ್ಡ್, ತಪ್ಪು ಆಟಗಾರನಿಗೆ ಕಾರ್ಡ್ ತೋರಿಸಿದ್ದು: ಪರಿಶೀಲನೆ ಮುಖ್ಯವಾಗಿ ಇವಕ್ಕೆ. ಕೊನೆಯ ಮಾತು ಮೈದಾನದ ರೆಫರಿಯದೇ.

ಕರ್ನಾಟಕದಲ್ಲಿ ರೆಫರಿಯ ತೀರ್ಪಿನ ಚರ್ಚೆ ಕಾವೇರಿದ್ದು 2023ರ ಮಾರ್ಚ್ 3ರಂದು, ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ. ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ನಾಕೌಟ್ ಪಂದ್ಯದ ಹೆಚ್ಚುವರಿ ಅವಧಿಯಲ್ಲಿ, ಕೇರಳ ಬ್ಲಾಸ್ಟರ್ಸ್ ಆಟಗಾರರು ಇನ್ನೂ ಸಾಲಾಗಿ ನಿಂತು ಗೋಡೆ ಕಟ್ಟುತ್ತಿದ್ದಾಗಲೇ ಬೆಂಗಳೂರು ಎಫ್‌ಸಿಯ ಸುನಿಲ್ ಛೇತ್ರಿ ಫ್ರೀ ಕಿಕ್ ಒದ್ದು ಗೋಲು ಗಳಿಸಿದರು. ಸೀಟಿಯೂ ಗೋಡೆಯೂ ಬೇಡವೆಂದು ರೆಫರಿಗೆ ಮೊದಲೇ ತಿಳಿಸಿದ್ದಾಗಿ ಅವರು ಆಮೇಲೆ ಹೇಳಿದರು. ರೆಫರಿ ಕ್ರಿಸ್ಟಲ್ ಜಾನ್ ಗೋಲನ್ನು ಮಾನ್ಯ ಮಾಡಿದರು. ಬ್ಲಾಸ್ಟರ್ಸ್ ತರಬೇತುದಾರ ಇವಾನ್ ವುಕೊಮಾನೊವಿಚ್ ತಂಡವನ್ನು ಹೊರಗೆ ಕರೆದರು. ಬ್ಲಾಸ್ಟರ್ಸ್ ಮತ್ತೆ ಕಣಕ್ಕಿಳಿಯಲಿಲ್ಲ. ಗೆಲುವು ಬೆಂಗಳೂರಿಗೆ ಸಂದಿತು. ಬ್ಲಾಸ್ಟರ್ಸ್‌ನ ಮರುಪಂದ್ಯದ ಬೇಡಿಕೆ ತಿರಸ್ಕೃತವಾಯಿತು. ಕ್ಲಬ್‌ಗೆ 4 ಕೋಟಿ ರೂಪಾಯಿ ದಂಡ, ತರಬೇತುದಾರನಿಗೆ 10 ಪಂದ್ಯಗಳ ನಿಷೇಧ ಬಿತ್ತು. ಲೀಗ್‌ನಲ್ಲಿ ಆಗ ವಿ.ಎ.ಆರ್. ಇರಲಿಲ್ಲ. ಇದ್ದಿದ್ದರೂ ಜಗಳ ತೀರುತ್ತಿತ್ತೆಂದು ಹೇಳಲಾಗದು: ಚೆಂಡು ಗೆರೆ ದಾಟಿತೇ ಎಂಬುದನ್ನು ಕ್ಯಾಮೆರಾ ತೋರಿಸೀತು, ರೆಫರಿ ಮತ್ತು ಆಟಗಾರನ ನಡುವಿನ ಮಾತನ್ನಲ್ಲ.

ರಾಯಚೂರು, ದೇವದುರ್ಗ, ಮಾನ್ವಿಯ ವೀಕ್ಷಕರಿಗೆ ಇಂಥ ವಿವಾದ ತಲುಪುವುದು ಟಿ.ವಿ., ಮೊಬೈಲ್ ಪರದೆಯ ಮೂಲಕ. ಕ್ಯಾಮೆರಾ ಇಲ್ಲದ ಊರ ಮೈದಾನದಲ್ಲಿ ಮಾತ್ರ ಸೀಟಿ ಹಿಡಿದವನು ಕಂಡದ್ದೇ ತೀರ್ಪು.