ಹೆಸರು ಬಿಟ್ಟುಕೊಟ್ಟ ಗೆಣಸು

ಸಂಕ್ರಾಂತಿ ಬಂತೆಂದರೆ ಹಳೇ ಮೈಸೂರು ಸೀಮೆಯ ಮನೆಗಳಲ್ಲಿ ಅವರೆಕಾಯಿ, ಕಡಲೆಕಾಯಿಯ ಜತೆಗೆ ಗೆಣಸೂ ಬೇಯುತ್ತದೆ. ಆದರೆ ಈ ಸಿಹಿಗೆಣಸಿನ ತವರು ಅಮೆರಿಕ ಖಂಡ. ಪೋರ್ಚುಗೀಸರು ಗೋವೆಯನ್ನು ಹಿಡಿದದ್ದು 1510ರಲ್ಲಿ. ಸಿಹಿಗೆಣಸು, ಮರಗೆಣಸು, ಆಲೂಗೆಡ್ಡೆ ಮೂರೂ ಯುರೋಪಿನ ಹಡಗುಗಳ ಕಾಲದಲ್ಲಿ ಇಲ್ಲಿಗೆ ಬಂದವು. ಹಾಗಾದರೆ ಅದಕ್ಕೂ ಮುಂಚೆ ನಮ್ಮವರು ಅಗೆದು ತಿನ್ನುತ್ತಿದ್ದ ಗೆಣಸು ಯಾವುದು?

ಉತ್ತರ ಮಲೆನಾಡಿನ ಹಳೆಯ ಹಿತ್ತಲುಗಳ ಬೇಲಿಯಲ್ಲಿದೆ. ಅಲ್ಲಿ ಮರಕ್ಕೆ ಹಬ್ಬುವ ಹೆಗ್ಗೆಣಸು, ಬುಡದಲ್ಲಿ ಮುಳ್ಳಿರುವ ಮುಳ್ಳುಗೆಣಸು ಇನ್ನೂ ಉಳಿದಿವೆ. ಕಾಡಿನಲ್ಲಿ ಇವುಗಳ ಬಳಗದ ಕಾಡುಗೆಣಸುಗಳಿವೆ. ಹೊರಗಿನಿಂದ ಬಂದದ್ದು ಬರಿಯ 'ಗೆಣಸು' ಎನಿಸಿಕೊಂಡು ಪೇಟೆಗೆ ಹೋಯಿತು. ಮೊದಲಿದ್ದವು ಹೆಗ್ಗು, ಮುಳ್ಳು, ಕಾಡು ಎಂಬ ವಿಶೇಷಣಗಳನ್ನು ಹೊತ್ತು ಬೇಲಿಗೆ ಸರಿದವು ಎಂದು ತೋರುತ್ತದೆ.

ಹೆಗ್ಗೆಣಸಿನ ಬಳ್ಳಿಯನ್ನು ಗುರುತಿಸುವುದು ಸುಲಭ. ಕಾಂಡ ಚೌಕಾಕಾರ, ಅಂಚುಗಳಲ್ಲಿ ರೆಕ್ಕೆಯಂಥ ಪಟ್ಟಿ, ಎಲೆ ಹೃದಯದ ಆಕಾರ. ಗೆಡ್ಡೆಯ ಒಳಗು ಬಿಳಿ, ಕೆಲವು ಬಗೆಗಳಲ್ಲಿ ನೇರಳೆ. ಮುಂಗಾರಿಗೆ ಮುಂಚೆ ಗುಂಡಿ ತೋಡಿ, ದರಗು, ಬೂದಿ, ಸಗಣಿ ಗೊಬ್ಬರ ತುಂಬಿ, ಮೊಳಕೆಯ ತುಂಡನ್ನು ಹೂತರಾಯಿತು. ಮತ್ತೆ ಅದರ ಗೊಡವೆ ಹೆಚ್ಚಿಲ್ಲ. ಮಳೆ ಮುಗಿದು ಬಳ್ಳಿ ಒಣಗಿದ ಮೇಲೆ ಕೀಳಬಹುದು. ಕೀಳದೆ ಬಿಟ್ಟರೆ ಕೆಲಕಾಲ ನೆಲದಲ್ಲೇ ಇರುತ್ತದೆ. ಬಡವರಿಗೆ ಇದೇ ಕಣಜವಾಗಿತ್ತು. ಕಣಜದ ಭತ್ತ ತೀರಿದರೂ ಹಿತ್ತಲ ಗುಂಡಿಯಲ್ಲಿ ಒಂದು ಊಟ ಉಳಿದಿರುತ್ತಿತ್ತು.

ಹಿತ್ತಲ ಗೆಡ್ಡೆಗೆ ಎಂಥ ತಾಕತ್ತಿದೆ ಎಂಬುದನ್ನು ತಿರುವಾಂಕೂರು ತೋರಿಸಿಕೊಟ್ಟಿತು. 1880ರಿಂದ 1885ರವರೆಗೆ ಆಳಿದ ವಿಶಾಖಂ ತಿರುನಾಳ್ ಮಹಾರಾಜರು ಮರಗೆಣಸಿನ ಕೃಷಿಗೆ ಉತ್ತೇಜನ ಕೊಟ್ಟರು. 1942ರಲ್ಲಿ ಬರ್ಮಾ ಜಪಾನಿನ ವಶವಾಗಿ ಅಕ್ಕಿ ಬರುವುದು ನಿಂತಾಗ ಅಲ್ಲಿನ ಜನರ ಹೊಟ್ಟೆ ತುಂಬಿಸಿದ್ದು ಇದೇ ಗೆಣಸು. ಮುಂದೆ ಅಲ್ಲಿಂದ ವಲಸೆ ಬಂದ ಕೃಷಿಕರ ಜತೆ ದಕ್ಷಿಣ ಕನ್ನಡ, ಮಲೆನಾಡುಗಳಲ್ಲೂ ಅದು ಹಬ್ಬಿತು. ತಮಾಷೆಯೆಂದರೆ, ನಮ್ಮಲ್ಲಿ ಏಕಾದಶಿಯಂದು ಅಕ್ಕಿಯನ್ನು ಬಿಟ್ಟು ಭಕ್ತಿಯಿಂದ ತಿನ್ನುವ ಸಾಬಕ್ಕಿ, ಸೇಲಂ ಕಡೆಯ ಕಾರ್ಖಾನೆಗಳಲ್ಲಿ ಮರಗೆಣಸಿನ ಹಿಟ್ಟಿನಿಂದ ತಯಾರಾಗುವಂಥದು!

ಇಷ್ಟಾಗಿಯೂ ಗೆಡ್ಡೆಗಳು ಹಿತ್ತಲಿನಿಂದ ಮರೆಯಾಗುತ್ತಿರುವುದೇಕೆ? ಕೈಗೆ ಕಾಸು ಬಂದ ಮೇಲೆ 'ಗೆಣಸು ತಿಂದು ಬದುಕಿದವರು' ಎನ್ನಿಸಿಕೊಳ್ಳಲು ಯಾರಿಗೂ ಮನಸ್ಸಿಲ್ಲ ಎಂಬುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ಅಡುಗೆಮನೆಯಲ್ಲಿದೆ ಎಂದು ನನ್ನ ಅನಿಸಿಕೆ. ಸುವರ್ಣಗೆಡ್ಡೆ, ಕೆಸುಗಳಲ್ಲಿ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿರುತ್ತವೆ. ನಾಲಿಗೆ, ಗಂಟಲು ತುರಿಸುವುದು ಅದರಿಂದಲೇ. ಹುಣಸೆಹುಳಿಯಲ್ಲೋ ಹುಳಿಮಜ್ಜಿಗೆಯಲ್ಲೋ ಎಷ್ಟು ಹೊತ್ತು ನೆನೆಸಬೇಕು, ಎಷ್ಟು ಬೇಯಿಸಬೇಕು ಎಂಬುದು ಅಜ್ಜಿಯಂದಿರ ಕೈಗೆ ಗೊತ್ತಿತ್ತು. ಕೆಲವು ಕಹಿ ಕಾಡುಗೆಣಸುಗಳನ್ನು ತೆಳ್ಳಗೆ ಹೆಚ್ಚಿ, ಹರಿಯುವ ತೊರೆಯಲ್ಲಿಟ್ಟು ವಿಷ ಕಳೆದು ಬೇಯಿಸುವ ಪದ್ಧತಿಯೂ ಉಂಟು. ಇಂಥ ತಿಳಿವಳಿಕೆ ಒಂದು ತಲೆಮಾರು ಕೈತಪ್ಪಿದರೂ ಸಾಕು, ಮನೆಯ ಆಹಾರವೇ ಮನೆಯವರಿಗೆ ಭಯ ಹುಟ್ಟಿಸುವ ವಸ್ತುವಾಗುತ್ತದೆ.

ಅದು ಪೂರ್ತಿ ತಪ್ಪಿಹೋಗದ ಕಡೆಯೂ ಇದೆ. ಉತ್ತರ ಕನ್ನಡದ ಜೊಯಿಡಾದಲ್ಲಿ ಕುಣಬಿ ಜನರು ಹಲವು ಬಗೆಯ ಗೆಡ್ಡೆಗಳನ್ನು ಬೆಳೆದು ತಿನ್ನುತ್ತ ಬಂದಿದ್ದಾರೆ. 'ಮುಡ್ಲಿ' ಎಂಬ ಭಾರೀ ಗಾತ್ರದ ಕೆಸುವಿನ ಗೆಡ್ಡೆ ಅವರಲ್ಲಿ ಹೆಸರುವಾಸಿ. ಈಚಿನ ವರ್ಷಗಳಲ್ಲಿ ಅಲ್ಲಿ ಗೆಡ್ಡೆಗೆಣಸಿನ ಮೇಳ ನಡೆಯುತ್ತಿದ್ದು, ಗೆಡ್ಡೆ, ಬೀಜದ ಗೆಡ್ಡೆ ಎರಡೂ ಸಿಗುತ್ತವೆ.

ಹಿತ್ತಲಿರುವವರು ಹೆಗ್ಗೆಣಸಿನಿಂದಲೋ ಸುವರ್ಣಗೆಡ್ಡೆಯಿಂದಲೋ ಆರಂಭಿಸಬಹುದು. ಮರಗೆಣಸಿನ ಸಿಪ್ಪೆ ತೆಗೆದು, ತುಂಡು ಮಾಡಿ, ಧಾರಾಳ ನೀರಿನಲ್ಲಿ ಬೇಯಿಸಿ ಆ ನೀರನ್ನು ಚೆಲ್ಲಬೇಕು. ಗುರುತಿಲ್ಲದ ಕಾಡುಗೆಣಸಿನ ಸಾಹಸ ಮಾತ್ರ ಬೇಡ. ಬೀಜದ ಗೆಡ್ಡೆ ತರುವಾಗ, ಅದನ್ನು ಬೇಯಿಸುವ ಬಗೆಯನ್ನೂ ಕೊಟ್ಟವರಿಂದಲೇ ಕೇಳಿಕೊಂಡು ಬರುವುದು ಒಳ್ಳೆಯದು.