ಹಳೆಯ ಕಾರಿನ ಮೈಯಲ್ಲಿ ಬರೆದ ಚರಿತ್ರೆ

ಮೋಟಾರು ಕಾರಿನ ಚರಿತ್ರೆಯೆಂದರೆ ನಮ್ಮಲ್ಲಿ ಬಹುಮಂದಿಗೆ ನೆನಪಾಗುವುದು ಎಂಜಿನ್ನಿನ ಚರಿತ್ರೆ. ಆದರೆ ಕಾರಿನ ಮೈಗೂ, ಅಂದರೆ ಬಾಡಿಗೂ, ಅದರದೇ ಆದ ಚರಿತ್ರೆಯುಂಟು. ಮಿಶಿಗನ್ನಿನಲ್ಲಿ ನೆಲೆಸಿರುವ ನಾವು ಮೂರು ಕನ್ನಡ ಕುಟುಂಬದವರು ಸೇರಿ 1929ರ ಫೋರ್ಡ್ ಮಾಡೆಲ್ ಎ ಕಾರೊಂದನ್ನು ಕೊಂಡು, ಮನೆಯ ಗ್ಯಾರೇಜಿನಲ್ಲೇ ಅದನ್ನು ಸರಿಪಡಿಸಲು ಕೈಹಾಕಿದಾಗ, ಆ ಚರಿತ್ರೆಯನ್ನು ಪದರ ಪದರವಾಗಿ ಓದುವ ಅವಕಾಶ ದೊರೆಯಿತು.

ಮೊದಮೊದಲ ಕಾರುಗಳ ಮೈಯನ್ನು ಕುದುರೆಗಾಡಿ ಕಟ್ಟುವ ಪದ್ಧತಿಯಲ್ಲೇ ಕಟ್ಟುತ್ತಿದ್ದರು: ಮರದ ಚೌಕಟ್ಟು, ಮೇಲೆ ತಗಡಿನ ಹೊದಿಕೆ. 1914ರ ಸುಮಾರಿಗೆ ಫಿಲಡೆಲ್ಫಿಯಾದ ಎಡ್ವರ್ಡ್ ಬಡ್ ಅವರ ಕಂಪನಿ ಡಾಜ್ ಸಹೋದರರ ಕಾರಿಗೆ ಉಕ್ಕಿನ ಮೈ ಮಾಡಿಕೊಟ್ಟಿತು. ಆದರೂ ಮರ ಒಮ್ಮೆಲೇ ಮಾಯವಾಗಲಿಲ್ಲ. ನಮ್ಮ ಕಾರಿನ ಗೋಡೆಗಳು ಉಕ್ಕು. ಮಾಡು ಮಾತ್ರ ಮರದ ಪಟ್ಟಿ, ಕೋಳಿಗೂಡಿನಂಥ ತಂತಿಬಲೆ, ಹತ್ತಿಯ ಪದರ, ಅದರ ಮೇಲೊಂದು ರೆಕ್ಸಿನ್ನಿನಂಥ ಬಟ್ಟೆ! ಜನರಲ್ ಮೋಟಾರ್ಸ್‌ನವರು 1935ರ ಮಾದರಿಗಳಿಗೆ ಇಡಿಯ ಉಕ್ಕಿನ ಮಾಡು ಹಾಕಿದ ಮೇಲೆ ಈ ಪದ್ಧತಿ ಹಿಂದೆ ಸರಿಯಿತು. ಮರ ನೀರು ಹೀರಿದಲ್ಲೆಲ್ಲ ಪಕ್ಕದ ಉಕ್ಕು ತುಕ್ಕು ಹಿಡಿದಿತ್ತು. ಮೈಯನ್ನು ಚಾಸಿಯಿಂದ ಎತ್ತುವ ಮುನ್ನ ಬಾಗಿಲುಗಳ ಜಾಗಕ್ಕೆ ಕಬ್ಬಿಣದ ಪಟ್ಟಿ ಅಡ್ಡಲಾಗಿ ಬಿಗಿದೆವು. ಇಲ್ಲದಿದ್ದರೆ ಮೈ ಸೊಟ್ಟಗಾಗಿ ಬಾಗಿಲು ಮತ್ತೆ ಕೂರುವುದಿಲ್ಲ. ಮುರಿದ ಮೂಳೆ ಅಲುಗಾಡದಂತೆ ಪಟ್ಟಿ ಕಟ್ಟುವ ಕ್ರಮವೇ ಇದು.

ಇನ್ನು ಬಣ್ಣ. ಫೋರ್ಡರ ಹಿಂದಿನ ಕಾರಾದ ಮಾಡೆಲ್ ಟಿ 1914ರಿಂದ 1925ರವರೆಗೆ ಕಪ್ಪು ಬಣ್ಣದಲ್ಲಷ್ಟೇ ದೊರೆಯುತ್ತಿತ್ತು. ಬೇರೆ ಕಂಪನಿಗಳ ಬಣ್ಣದ ಕಾರುಗಳಿಗೆ ವಾರ್ನಿಷ್ ಒಣಗಲು ವಾರಗಳೇ ಬೇಕಿತ್ತು. 1920ರ ದಶಕದಲ್ಲಿ ಡ್ಯೂಪಾಂಟ್ ಕಂಪನಿಯ ‘ಡ್ಯೂಕೋ’ ಲ್ಯಾಕರ್ ಬಂದಮೇಲೆ ಈ ಕಾಯುವಿಕೆ ತಪ್ಪಿತು. ಬಗೆಬಗೆಯ ಬಣ್ಣಗಳು ಬೀದಿಗಿಳಿದವು. ಲ್ಯಾಕರ್ ಎಂಬ ಪದದ ಮೂಲ ನಮ್ಮ ‘ಲಾಕ್ಷಾ’. ಚನ್ನಪಟ್ಟಣದ ಬೊಂಬೆಗೆ ಮೆರುಗು ಕೊಡುವ ಅರಗೇ ಅದು. ಡ್ಯೂಕೋದಲ್ಲಿ ಅರಗಿಲ್ಲ, ಹೆಸರಷ್ಟೇ ಉಳಿದಿದೆ. ಬೆಂಕಿ ಹೊತ್ತಿಕೊಳ್ಳುವ ಗುಣದಲ್ಲಂತೂ ಪಾಂಡವರ ಅರಗಿನ ಮನೆಗೆ ಏನೂ ಕಡಿಮೆಯಿಲ್ಲ! ಹೀಟರ್ ಆರಿಸಿ, ಗ್ಯಾರೇಜಿನ ಬಾಗಿಲು ತೆರೆದ ಮೇಲೆಯೇ ನಾವು ಥಿನ್ನರ್ ಡಬ್ಬಿ ಮುಟ್ಟುತ್ತಿದ್ದುದು.

ಬಣ್ಣದ ಕೆಳಗೆ ಸಿಕ್ಕಿದ್ದು ಸೀಸ. ಆ ಕಾಲದಲ್ಲಿ ತಗಡುಗಳ ಸಂದಿಗೆ, ತಗ್ಗಿಗೆ ಸೀಸ-ತವರಗಳ ಮಿಶ್ರಣವನ್ನು ಕರಗಿಸಿ ತುಂಬಿ, ಮರದ ಹಲಗೆಯಿಂದ ಸವರಿ, ಅರದಿಂದ ಉಜ್ಜಿ ನಯಮಾಡುತ್ತಿದ್ದರು. ಪ್ಲಾಸ್ಟಿಕ್ ಪುಟ್ಟಿ ಬಂದದ್ದು 1950ರ ದಶಕದಲ್ಲಿ. ಸೀಸದ ಪುಡಿ ಉಸಿರಿನಲ್ಲಿ ಸೇರಿದರೆ ರಕ್ತಹೀನತೆ, ಹೊಟ್ಟೆಶೂಲೆ, ಜೋತುಬಿದ್ದ ಮಣಿಕಟ್ಟು. ಎಂ.ಬಿ.ಬಿ.ಎಸ್. ಓದುವಾಗ ಪರೀಕ್ಷೆಗೆಂದು ಬಾಯಿಪಾಠ ಮಾಡಿದ ಈ ಲಕ್ಷಣಗಳಿಗೆ ಈಗ ಮನುಷ್ಯರ ಮುಖ ಬಂದಂತಾಯಿತು. ನಾವು ಮೆಚ್ಚಿ ಸವರುವ ಆ ನುಣುಪಿಗೆ ಯಾರೋ ಕಾರ್ಮಿಕರು ತಮ್ಮ ಉಸಿರನ್ನು ಒತ್ತೆಯಿಟ್ಟಿದ್ದರು.

ಮಕ್ಕಳಿಗಂತೂ ಅಲ್ಪ ಸೀಸವೂ ಮಿದುಳಿಗೆ ಹಾನಿ. ಅಮೆರಿಕದಲ್ಲಿ ಮನೆಯ ಬಣ್ಣದಲ್ಲಿ ಸೀಸವನ್ನು 1978ರಲ್ಲಿ, ರಸ್ತೆ ವಾಹನಗಳ ಪೆಟ್ರೋಲಿನಲ್ಲಿ 1996ರಲ್ಲಿ ನಿಷೇಧಿಸಿದರೂ, ಹಳೆಯ ಕಾರಿನ ಮೈಯಲ್ಲಿರುವುದು ಅಲ್ಲೇ ಇದೆ. ಆದ್ದರಿಂದ ಉಜ್ಜುವ ಯಂತ್ರ ಬಳಸದೆ, ನೀರು ಹಾಕಿ ಕೈಯಿಂದಲೇ ಉಜ್ಜಿದೆವು; ತಕ್ಕ ಫಿಲ್ಟರಿನ ಮುಖವಾಡ ಧರಿಸಿದೆವು; ಕೆಲಸದ ಬಟ್ಟೆಯನ್ನು ಮನೆಯೊಳಗೆ ತರಲಿಲ್ಲ. ಆ ದಿನಗಳಲ್ಲಿ ಮಕ್ಕಳಿಗೆ ಗ್ಯಾರೇಜಿನ ಪ್ರವೇಶವಿರಲಿಲ್ಲ. ತೊಳೆದ ಬೋಲ್ಟುಗಳಿಗೆ ಚೀಟಿ ಅಂಟಿಸುವ, ಫೋಟೋಗಳನ್ನು ಜೋಡಿಸುವ ಕೆಲಸ ಅವರದಾಯಿತು.

“ಹೊಸ ತಗಡೇ ಸಿಗುವಾಗ ಹಳೆಯದೇಕೆ?” ಎಂದು ಮಕ್ಕಳು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಎಲ್ಲವನ್ನೂ ಬದಲಿಸಿದರೆ ಉಳಿಯುವುದು ಕಾರಿನ ಆಕಾರ, ಅದರ ಚರಿತ್ರೆಯಲ್ಲ. ತುಕ್ಕು ತಿಂದು ತೂತಾದಷ್ಟನ್ನೇ ಕತ್ತರಿಸಿ ಹೊಸದು ಬೆಸೆದೆವು. ಹಿಂದಿನ ಸೀಟಿನ ಕೆಳಗೆ ಅಂಗೈಯಗಲ ಜಾಗದಲ್ಲಿ ಹಳೆಯ ಬಣ್ಣ, ಸೀಸಗಳನ್ನು ಪಾರದರ್ಶಕ ಲೇಪನದಡಿ ಹಾಗೆಯೇ ಉಳಿಸಿದ್ದೇವೆ. ಕೂಟದ ಮಿತ್ರರು ನೋಡಲು ಬಂದರೆ ಮೊದಲು ತೋರಿಸುವುದು ಅದನ್ನೇ. ಹೊರಗಿನ ಹೊಳಪನ್ನು ಆಮೇಲೆ ನಿಧಾನವಾಗಿ ನೋಡಬಹುದು.