ಕೆರೆಯನ್ನು ತಪ್ಪೆಂದು ಓದಿದ ನಕ್ಷೆ

ಜಲಾನಯನದ ಗಡಿ ಗುರುತಿಸುವುದು ಒಂದು ಕಾಲಕ್ಕೆ ಕಣ್ಣು, ಪೆನ್ಸಿಲು ಮತ್ತು ತಾಳ್ಮೆಯ ಕೆಲಸವಾಗಿತ್ತು. ಟೋಪೋಶೀಟಿನ ಮೇಲೆ ಟ್ರೇಸಿಂಗ್ ಹಾಳೆ ಹಾಸಿ, ಎತ್ತರದ ರೇಖೆಗಳನ್ನು ನೋಡುತ್ತ ದಿಣ್ಣೆಯ ನೆತ್ತಿಯುದ್ದಕ್ಕೂ ಗೆರೆ ಎಳೆಯಬೇಕು. ಗೆರೆಯ ಈಚೆ ಬಿದ್ದ ಮಳೆ ಈ ಹಳ್ಳಕ್ಕೆ, ಆಚೆ ಬಿದ್ದದ್ದು ಪಕ್ಕದ ಹಳ್ಳಕ್ಕೆ. 1945ರಲ್ಲಿ ಅಮೆರಿಕದ ರಾಬರ್ಟ್ ಹಾರ್ಟನ್ ಹೊಳೆಗಳಿಗೆ ದರ್ಜೆ ಕೊಡುವ ಕ್ರಮವೊಂದನ್ನು ಮುಂದಿಟ್ಟರು. 1950ರ ದಶಕದಲ್ಲಿ ಆರ್ಥರ್ ಸ್ಟ್ರಾಲರ್ ಅದನ್ನು ತಿದ್ದಿದರು. ತುದಿಯ ತೊರೆ ಒಂದನೇ ದರ್ಜೆ, ಅಂಥ ಎರಡು ಕೂಡಿದರೆ ಎರಡನೇ ದರ್ಜೆ. ನಮ್ಮ ಭೂವಿಜ್ಞಾನದ ಪ್ರಬಂಧಗಳಲ್ಲಿ ಇವತ್ತಿಗೂ ನಡೆಯುವುದು ಇದೇ ಎಣಿಕೆ. ಎಣಿಸಿ ಅಲ್ಲಿಗೇ ನಿಲ್ಲಿಸುವವರೂ ಇದ್ದಾರೆ, ಆ ಮಾತು ಬೇರೆ.

ಕಂಪ್ಯೂಟರಿಗೆ ನಕ್ಷೆ ಏರಿಸುವ ಕೆಲಸ 1960ರ ದಶಕದ ಕೆನಡಾದಲ್ಲಿ ರೋಜರ್ ಟಾಮ್ಲಿನ್ಸನ್ ಅವರಿಂದ ಶುರುವಾಯಿತು. ಆದರೆ ಅವರಿಗೆ ಬೇಕಿದ್ದದ್ದು ನೆಲದ ಲೆಕ್ಕ. ನೀರಿನ ಜಾಡು ಹಿಡಿಯುವ ಸೂತ್ರ ಗಟ್ಟಿಯಾದದ್ದು 1984ರಲ್ಲಿ, ಓಕ್ಯಾಲಹನ್ ಮತ್ತು ಡೇವಿಡ್ ಮಾರ್ಕ್ ಅವರ ಲೇಖನದಿಂದ. ನೆಲವನ್ನು ಚೌಕಗಳಾಗಿ ಕತ್ತರಿಸಿ ಪ್ರತಿ ಚೌಕಕ್ಕೂ ಅದರ ಎತ್ತರ ಬರೆಯುವುದು. ಸುತ್ತಲಿನ ಎಂಟು ಚೌಕಗಳಲ್ಲಿ ಯಾವುದರ ಕಡೆಗೆ ಇಳಿಜಾರು ಕಡಿದೋ ನೀರನ್ನು ಅತ್ತ ಬಿಡುವುದು. ಒಂದೊಂದು ಚೌಕಕ್ಕೆ ಮೇಲಿನ ಎಷ್ಟು ಚೌಕಗಳ ನೀರು ಸೇರುತ್ತದೆಂದು ಕೂಡುತ್ತ ಹೋದರೆ, ಮೊತ್ತ ಒಂದು ಮಿತಿ ದಾಟಿದಲ್ಲಿ ಹಳ್ಳ ಮೂಡುತ್ತದೆ. ಆ ಮಿತಿಯನ್ನು ಗೊತ್ತುಮಾಡುವವರು ಬಳಸುವವರೇ. ಅದನ್ನು ಅರ್ಧಕ್ಕಿಳಿಸಿದರೆ ನೆಲದ ಮೇಲಿಲ್ಲದ ಹಳ್ಳಗಳೂ ಪರದೆಯ ಮೇಲೆ ಹುಟ್ಟಿಕೊಳ್ಳುತ್ತವೆ.

ಒಂದು ತೊಡಕಿತ್ತು. ಎಂಟೂ ನೆರೆಯವಕ್ಕಿಂತ ತಗ್ಗಾದ ಚೌಕ ಸಿಕ್ಕಿದರೆ ನೀರು ಅಲ್ಲೇ ನಿಂತು ಲೆಕ್ಕ ಕಡಿದುಹೋಗುತ್ತದೆ. ಅಂಥ ಗುಂಡಿಗಳಲ್ಲಿ ಹೆಚ್ಚಿನವು ಅಳತೆಯ ದೋಷದಿಂದ ಆದವು. 1988ರಲ್ಲಿ ಜೆನ್ಸನ್ ಮತ್ತು ಡೊಮಿಂಗ್ ಇದಕ್ಕೆ ಪರಿಹಾರ ಕೊಟ್ಟರು: ಗುಂಡಿಯ ಎತ್ತರವನ್ನು ಅಂಚಿನಿಂದ ನೀರು ಹೊರಚೆಲ್ಲುವ ಮಟ್ಟಕ್ಕೆ ಏರಿಸಿಬಿಡಿ. ಈ ಕ್ರಮ ತಂತ್ರಾಂಶಗಳೊಳಗೆ ಹೋಗಿ ಕೂತಿತು. ಇಂದು ಕ್ಯೂಜಿಐಎಸ್ ಎಂಬ ನಕ್ಷೆಯ ತಂತ್ರಾಂಶ ಕಲಿಯುವ ವಿದ್ಯಾರ್ಥಿಗೂ ಸಾಮಾನ್ಯವಾಗಿ ಮೊದಲ ಪಾಠ ಗುಂಡಿ ಮುಚ್ಚುವುದೇ.

ಎತ್ತರದ ಅಂಕಿಗಳು ಎಲ್ಲರ ಕೈಗೆ ಬಂದದ್ದು ಆಮೇಲೆ. 2000ದ ಫೆಬ್ರುವರಿಯಲ್ಲಿ ಎಂಡೆವರ್ ಗಗನನೌಕೆ 11 ದಿನ ರಾಡಾರ್ ಹಿಡಿದು ಭೂಮಿ ಸುತ್ತಿತು. ಮೊದಲು 90 ಮೀಟರ್ ಚೌಕದಲ್ಲಿ, ದಶಕ ಕಳೆದ ಮೇಲೆ 30 ಮೀಟರ್ ಚೌಕದಲ್ಲಿ ಅದರ ಮಾಹಿತಿ ಜಗತ್ತಿಗೆಲ್ಲ ಉಚಿತವಾಗಿ ಸಿಕ್ಕಿತು. ಇಸ್ರೋ 2005ರಲ್ಲಿ ಹಾರಿಸಿದ ಕಾರ್ಟೋಸ್ಯಾಟ್-1ರ ಜೋಡಿಚಿತ್ರಗಳಿಂದ ತಯಾರಾದ ಎತ್ತರದ ನಕ್ಷೆ ಆ ಸಂಸ್ಥೆಯ ಭುವನ್ ಜಾಲತಾಣದಲ್ಲಿದೆ. ಆದರೆ ಗಗನನೌಕೆಯ ರಾಡಾರು ದಟ್ಟ ಮರಗಳಿರುವಲ್ಲಿ ನೆಲದ ತನಕ ಪೂರ್ತಿ ಇಳಿಯದು. ನೀಲಗಿರಿ ತೋಪೊಂದು ಅದಕ್ಕೆ ದಿಬ್ಬದಂತೆ ಕಾಣಬಹುದು. ಮೊದಲ ಪ್ರತಿಗಳಲ್ಲಿ ಎತ್ತರ ಇದ್ದದ್ದೂ ಪೂರ್ಣ ಮೀಟರುಗಳಲ್ಲೇ. ಮೈದಾನದಂಥ ಬಯಲುಸೀಮೆಯಲ್ಲಿ ಅಷ್ಟರಿಂದ ಹಳ್ಳದ ಜಾಡು ಸಿಗುವುದು ಕಷ್ಟ. ಪರದೆಯ ಮೇಲೆ ಅದು ಒತ್ತೊತ್ತಾಗಿ ಎಳೆದ ನೇರ ಗೆರೆಗಳಾಗಿ ಹೊರಬರುತ್ತದೆ.

ಗುಂಡಿ ಮುಚ್ಚುವ ಪಾಠ ದಕ್ಷಿಣ ಕರ್ನಾಟಕದಲ್ಲಿ ಎಡವುವುದು ಕೆರೆಗಳ ಬಳಿ. ಇಲ್ಲಿನ ಹಳ್ಳಗಳಿಗೆ ಅಡ್ಡಲಾಗಿ ಏರಿ ಕಟ್ಟಿ, ಒಂದರ ಕೋಡಿ ಮುಂದಿನದಕ್ಕೆ ಹರಿಯುವಂತೆ ಕೆರೆಗಳನ್ನು ಸಾಲಾಗಿ ಕೂಡಿಸಲಾಗಿದೆ. ಏರಿಯ ಹಿಂದಿನ ತಗ್ಗು ತಂತ್ರಾಂಶದ ಕಣ್ಣಿಗೆ ಅಳತೆಯ ತಪ್ಪು. ಅದನ್ನು ಮುಚ್ಚಿ, ಹಳ್ಳವನ್ನು ಕೆರೆಯ ಮೇಲೆ ಹಾಯಿಸಿಬಿಡುತ್ತದೆ. ಜಾಡಿನ ಗೆರೆ ಸರಿಯೇ ಬರಬಹುದು, ಆದರೆ ನೀರು ಎಷ್ಟು ದಿನ ನಿಂತಿತು, ಎಷ್ಟು ಇಂಗಿತು, ಕೋಡಿ ಬಿತ್ತೋ ಇಲ್ಲವೋ ಎಂಬ ಲೆಕ್ಕ ಅಳಿಸಿಹೋಗುತ್ತದೆ. ಇಲ್ಲಿ ಮುಖ್ಯವಾದದ್ದು ಆ ಲೆಕ್ಕವೇ ಎಂಬುದು ನನ್ನ ಅಭಿಪ್ರಾಯ.

ಹರಿವಿನ ಪ್ರಮಾಣ ಲೆಕ್ಕಹಾಕುವ ಮಾದರಿಗಳ ಬೆಳವಣಿಗೆ ಪಕ್ಕದಲ್ಲೇ ಸಾಗಿತ್ತು: 1979ರಲ್ಲಿ ಬೆವೆನ್ ಮತ್ತು ಕರ್ಕ್‌ಬಿ ಅವರ ಟಾಪ್‌ಮಾಡೆಲ್, 1990ರ ದಶಕದಲ್ಲಿ ಅಮೆರಿಕದ ಕೃಷಿ ಇಲಾಖೆಯ ಸ್ವಾಟ್. ಮಣ್ಣು, ಬೆಳೆ, ಇಳಿಜಾರು ಮತ್ತು ಮಳೆಯನ್ನು ಉಣಿಸಿದರೆ ಸ್ವಾಟ್ ಹೊಳೆಯ ಹರಿವನ್ನು ದಿನದ ಲೆಕ್ಕದಲ್ಲಿ ಕೊಡುತ್ತದೆ. ನಕ್ಷೆಯ ತಂತ್ರಾಂಶಗಳ ಜೊತೆ ಬೆಸೆದುಕೊಂಡ ಮೇಲೆ ಅದು ಭಾರತದ ಸಂಶೋಧನಾಲಯಗಳಲ್ಲೂ ಸಾಮಾನ್ಯವಾಯಿತು.

ನಂದಿಬೆಟ್ಟದ ಬಳಿ ಹುಟ್ಟಿ ಹೆಸರಘಟ್ಟ, ತಿಪ್ಪಗೊಂಡನಹಳ್ಳಿಗಳ ಮೂಲಕ ಸಂಗಮದಲ್ಲಿ ಕಾವೇರಿ ಸೇರುವ ಅರ್ಕಾವತಿ ಈ ವಿದ್ಯೆಯನ್ನು ಚೆನ್ನಾಗಿಯೇ ಪರೀಕ್ಷಿಸಿತು. ಬೆಂಗಳೂರಿಗೆ ನೀರು ಕೊಡುತ್ತಿದ್ದ ಈ ನದಿಯ ಹರಿವು ಯಾಕೆ ಕುಸಿಯಿತು? ವೀಣಾ ಶ್ರೀನಿವಾಸನ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನ ಕಾರಣಗಳನ್ನು ಒಂದೊಂದಾಗಿ ತೂಗಿತು. ಮಳೆ ಕಡಿಮೆಯಾದದ್ದರಿಂದಲೋ ಸೆಕೆ ಹೆಚ್ಚಿದ್ದರಿಂದಲೋ ಹೀಗಾಗಿದೆ ಎನ್ನಲು ಆಧಾರ ಸಿಗಲಿಲ್ಲ. ಕೊಳವೆಬಾವಿಗಳಿಂದ ಅಂತರ್ಜಲ ಕುಸಿದದ್ದು ಮತ್ತು ನೀಲಗಿರಿ ತೋಪುಗಳು ಹಬ್ಬಿದ್ದು ಹೆಚ್ಚು ಸಂಭವನೀಯ ಕಾರಣಗಳಾಗಿ ಉಳಿದವು. ಎತ್ತರದ ನಕ್ಷೆಯನ್ನು ಎಷ್ಟು ನುಣುಪಾಗಿಸಿದರೂ ಈ ಉತ್ತರ ಅದರಲ್ಲಿ ಸಿಗುತ್ತಿರಲಿಲ್ಲ. ಮುಂದೆ ಇದೇ ಜಲಾನಯನದಲ್ಲಿ ಲ್ಯಾಂಡ್‌ಸ್ಯಾಟ್ ಉಪಗ್ರಹಗಳ ಚಿತ್ರಗಳಿಂದ ಕೆರೆಗಳ ನೀರಿನ ಹರವನ್ನು ದಶಕಗಳುದ್ದಕ್ಕೂ ಅಳೆದ ಕೆಲಸವೂ ನಡೆಯಿತು. ಮಳೆಮಾಪಕ, ಹರಿವುಮಾಪಕಗಳಿಲ್ಲದ ಹಳ್ಳಗಳಲ್ಲಿ ಕೆರೆಯೇ ಮಾಪಕವಾದದ್ದು ಈ ಕ್ಷೇತ್ರದ ಸೊಗಸಾದ ತಿರುವು.

ಗುಂಡಿಯ ಬಗೆಗಿನ ಹಟವೂ ಸಡಿಲವಾಗುತ್ತಿದೆ. ನಿಜವಾದ ತಗ್ಗು ಯಾವುದು, ದೋಷದ ತಗ್ಗು ಯಾವುದು ಎಂದು ಬೇರ್ಪಡಿಸುವ ವಿಧಾನಗಳನ್ನು ಲಿಂಡ್ಸೆ ಮತ್ತು ಕ್ರೀಡ್ 2006ರಲ್ಲಿ ಪರಿಶೀಲಿಸಿದರು. 2021ರಲ್ಲಿ ಬಾರ್ನ್ಸ್, ಕ್ಯಾಲಹನ್ ಮತ್ತು ವಿಕರ್ಟ್ ಪ್ರಕಟಿಸಿದ ಕ್ರಮ ತಗ್ಗನ್ನು ಮುಚ್ಚುವುದಿಲ್ಲ. ನೀರು ತಗ್ಗಿನಲ್ಲಿ ತುಂಬಿ, ತುಳುಕಿ, ಕೆಳಗಿನ ತಗ್ಗಿನ ನೀರಿನೊಡನೆ ಕೂಡುವುದನ್ನು ಹಾಗೆಯೇ ಲೆಕ್ಕಕ್ಕೆ ತರುತ್ತದೆ. ಕೆರೆಸಾಲಿನ ನಾಡಿಗೆ ಹೇಳಿಮಾಡಿಸಿದಂಥ ಕ್ರಮ ಇದು. ಆದರೆ ಅದಕ್ಕೆ ಉಣಿಸಲು ಬೇಕಾದ ಅಂಕಿಗಳನ್ನು ಆಕಾಶದಿಂದ ತರಲಾಗದು: ಪ್ರತಿ ಕೋಡಿಯ ಮಟ್ಟ, ತೂಬು ತೆರೆದಿದೆಯೋ ಕಟ್ಟಿದೆಯೋ, ನೀರಿನಡಿ ಹೂಳು ಎಷ್ಟು ಅಡಿ ಕೂತಿದೆ. ಇದಕ್ಕೆ ಅಳತೆಗೋಲು ಹಿಡಿದು ಕೆರೆಗೆ ಇಳಿಯುವವರೇ ಬೇಕು.